ನಾಲ್ಕನೇ ಕೆಂಪು ಪಟ್ಟಿ

ನಿವೃತ್ತ ಎಂದು ಹೇಳಿಕೊಂಡರೆ ಜನ ಮೊದಲು ನನ್ನ ತಲೆ ನೋಡುತ್ತಾರೆ. ಕೂದಲು ಇನ್ನೂ ಕಪ್ಪಾಗಿದೆ. ಪಿಯುಸಿ ಮುಗಿಯುತ್ತಲೇ ವಾಯುಪಡೆ ಸೇರಿ, ವಿಮಾನದ ರೆಕ್ಕೆ, ಬಾಲ, ಚಕ್ರಗಳನ್ನು ನೋಡಿಕೊಳ್ಳುವ ಫಿಟ್ಟರ್ ಆಗಿ ದುಡಿದು, ನಲವತ್ತಕ್ಕೆ ಮೊದಲೇ ಪಿಂಚಣಿದಾರನಾಗಿ ಹುಣಸೂರಿಗೆ ವಾಪಸು ಬಂದವನು ನಾನು. ಆಮೇಲೆ ಕೆಲವು ವರ್ಷ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಪ್ರೌಢಶಾಲೆಗಳಲ್ಲಿ ವಾಯುದಳದ ಕೆಡೆಟ್‌ಗಳಿಗೆ ವಿಮಾನಯಾನದ ಇತಿಹಾಸ ಹೇಳಿಕೊಟ್ಟೆ. ಹೋದ ವರ್ಷ ಆ ಕೆಲಸವೂ ಮುಗಿಯಿತು. ನನ್ನ ಜಾಗಕ್ಕೆ ಬಂದಿರುವ ಹುಡುಗರು ಫೋನ್ ಮಾಡಿ, "ಪಾಠದ ನೋಟ್ಸ್ ಇದ್ರೆ ಕೊಡಿ ಸಾರ್" ಎನ್ನುತ್ತಾರೆ. ಕೊಟ್ಟಿದ್ದೇನೆ. ನೋಟ್ಸಿನಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲವನ್ನೂ ಎಣಿಸಿ ಬರೆದಿಡುವ ಚಟ ನನಗೆ ಹ್ಯಾಂಗರಿನಿಂದ ಬಂದದ್ದು. ಯಾವ ಸ್ಪ್ಯಾನರ್ ಯಾರ ಕೈಗೆ ಹೋಯಿತು, ಸಂಜೆ ವಾಪಸು ಬಂತೇ ಎಂದು ಲೆಕ್ಕ ಸರಿಹೋಗುವವರೆಗೆ ಅಲ್ಲಿ ಯಾರೂ ಮನೆಗೆ ಹೊರಡುವಂತಿರಲಿಲ್ಲ. ಕಾಣೆಯಾದ ಒಂದು ಸ್ಪ್ಯಾನರ್ ಎಲ್ಲಿದೆ ಎಂದು ತಿಳಿಯದಿದ್ದರೆ ಅದು ವಿಮಾನದ ಹೊಟ್ಟೆಯಲ್ಲಿದೆ ಎಂದೇ ತಿಳಿಯಬೇಕು. ಆ ಚಟವನ್ನು ಶಾಲೆಗೂ ಒಯ್ದೆ.

ಮೊದಲ ತರಗತಿ ಹುಣಸೂರಿನಲ್ಲಿ. ಶನಿವಾರ ಬೆಳಗಿನ ಕವಾಯತು ಮುಗಿಸಿ, ಬೆವರಿನಲ್ಲಿ ನೆಂದ ಖಾಕಿ ಹಾಕಿಕೊಂಡು ಮಕ್ಕಳು ಕೂತಿದ್ದರು. ಪಠ್ಯದಲ್ಲಿ ಇದ್ದದ್ದು ಇಸವಿ, ಹೆಸರು, ಇಸವಿ, ಹೆಸರು. ನಾನು ಕೇಳಿದೆ: "ವಿಮಾನ ಮಾಡಿ ಮೊದಲು ಹಾರಿದ ಆ ಅಣ್ಣತಮ್ಮಂದಿರಿಗಿಂತ ಮುಂಚೆ ಎಷ್ಟೋ ಜನ ಪ್ರಯತ್ನಪಟ್ಟರಲ್ಲ, ಅವರೆಲ್ಲ ಯಾಕೆ ಹಾರಲಿಲ್ಲ?"

ಎಚ್.ಡಿ. ಕೋಟೆ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದ ಮನು ಎಂಬ ಹುಡುಗ ಎದ್ದು ಎದೆಯುಬ್ಬಿಸಿ ಕೂಗಿದ: "ಅವ್ರಿಗೆ ಪರ್ಮಿಷನ್ ಇರ್ನಿಲ್ಲ ಸಾರ್!"

ಕಿಟಕಿ ಗಾಜು ಅದುರಿತು. ನಾನು ನಕ್ಕುಬಿಟ್ಟೆ. ಯಾರೂ ನನ್ನ ಜೊತೆ ನಗಲಿಲ್ಲ. ಅವನು ಗಂಭೀರವಾಗಿಯೇ ಹೇಳಿದ್ದ. ಗೊತ್ತಿರಲಿ, ಇರದಿರಲಿ, ಕೆಡೆಟ್ ಆದವನು ಪ್ರಶ್ನೆ ಬಿದ್ದ ಕ್ಷಣ ಎದ್ದು ಗಟ್ಟಿ ದನಿಯಲ್ಲಿ ಏನಾದರೊಂದು ಹೇಳಬೇಕು. ಅದು ದಳದ ರೂಢಿ. ರೂಢಿ ಮಾಡಿಸಿದವರು ಪುಟ್ಟಬಸಪ್ಪ ಮೇಷ್ಟ್ರು. ಅವರು ಡ್ರಿಲ್ ಮೇಷ್ಟ್ರು, ನಾಲ್ಕೂ ತಾಲ್ಲೂಕಿನ ದಳದ ಉಸ್ತುವಾರಿಯೂ ಅವರದೇ. ಸಾಲಿಗ್ರಾಮದವರು, ಹಣೆತುಂಬ ವಿಭೂತಿ, ಶಿಸ್ತಿನ ಮನುಷ್ಯ. ಸಾವಧಾನ್ ಎಂದ ಮೇಲೆ ಮೂಗಿನ ಮೇಲೆ ನೊಣ ಕೂತರೂ ಅಲ್ಲಾಡಬಾರದು, ಅಪ್ಪಣೆಯಿಲ್ಲದೆ ತುಟಿ ಬಿಚ್ಚಬಾರದು, ಪ್ರಶ್ನೆ ಬಂದರೆ ಮಾತ್ರ ಸಿಡಿಲಿನಂತೆ ಉತ್ತರ ಬರಬೇಕು.

ಇದು ಎಷ್ಟು ಅಪಾಯದ ರೂಢಿ ಎಂದು ನನಗೆ ಹೊಳೆದದ್ದು ಕೆ.ಆರ್. ನಗರದಲ್ಲಿ. ತಪಾಸಣೆಗೆ ಬಂದ ದೊಡ್ಡ ಅಧಿಕಾರಿಯೊಬ್ಬರು ಸಾಲಿನ ಮುಂದೆ ನಿಂತು, ನಾನು ಹಿಂದಿನ ವಾರವಷ್ಟೇ ಮಾಡಿದ್ದ ಪಾಠದಿಂದಲೇ ಒಂದು ಪ್ರಶ್ನೆ ಕೇಳಿದರು. ಪಾಠ ಇದು: ಬಹಳ ಹಿಂದೆ ಅಮೆರಿಕದಲ್ಲಿ ಒಂದು ಭಾರಿ ಬಾಂಬರ್ ವಿಮಾನ ಪರೀಕ್ಷೆಯ ದಿನ ನೆಲ ಬಿಟ್ಟ ಕೂಡಲೇ ಬಿದ್ದು ಸುಟ್ಟುಹೋಯಿತು. ಎಂಜಿನ್ ಕೆಟ್ಟಿರಲಿಲ್ಲ, ಪೈಲಟ್ ಹೊಸಬನೂ ಅಲ್ಲ. ನಿಂತ ವಿಮಾನದ ಬಾಲ ಗಾಳಿಗೆ ಬಡಿದುಕೊಳ್ಳದಿರಲಿ ಎಂದು ಹಾಕುವ ಬೀಗವನ್ನು ತೆಗೆಯಲು ಎಲ್ಲರೂ ಮರೆತಿದ್ದರು. ಅಂದಿನಿಂದ ಪೈಲಟ್‌ಗಳು ನೋಡಬೇಕಾದವುಗಳ ಪಟ್ಟಿ ಹಿಡಿದು, ಒಬ್ಬರು ಓದಿ ಇನ್ನೊಬ್ಬರು ನೋಡಿ ಹೇಳುವ ಪದ್ಧತಿ ಬಂತು. ಅಂಥ ಬೀಗ, ಮುಸುಕುಗಳಿಗೆ ಇಂದು ಉದ್ದನೆಯ ಕೆಂಪು ಪಟ್ಟಿ ಕಟ್ಟಿರುತ್ತಾರೆ. ಅದರ ಮೇಲೆ 'ಹಾರುವ ಮುನ್ನ ತೆಗೆಯಿರಿ' ಎಂದು ಬರೆದಿರುತ್ತದೆ.

"ಆ ಬಾಂಬರ್ ಯಾಕೆ ಬಿತ್ತು?" ಎಂದರು ಅಧಿಕಾರಿ.

ಒಬ್ಬ ಹುಡುಗ ಸಿಡಿದ: "ಶತ್ರುಗಳು ಹೊಡೆದುರುಳಿಸಿದರು ಸರ್!"

"ಶಾಬಾಶ್! ದನಿ ಅಂದ್ರೆ ಇದು" ಎಂದು ಅವನ ಬೆನ್ನು ತಟ್ಟಿ ಅವರು ಮುಂದಿನ ಸಾಲಿಗೆ ಹೋದರು. ಪುಟ್ಟಬಸಪ್ಪನವರ ಮುಖ ಹುಣ್ಣಿಮೆಯಾಗಿತ್ತು. ನನಗೆ ಬೇರೆಯೇ ಚಿತ್ರ ಕಂಡಿತು. ಇದೇ ಹುಡುಗ ನಾಳೆ ಎಲ್ಲೋ ಹ್ಯಾಂಗರಿನಲ್ಲಿ, "ಬೀಗ ತೆಗೆದಿದೆಯಾ?" ಎಂದು ಯಾರೋ ಕೇಳಿದಾಗ, ನೋಡದೆಯೇ ಇದೇ ದನಿಯಲ್ಲಿ "ತೆಗೆದಿದೆ ಸರ್!" ಎಂದು ಕೂಗುತ್ತಾನೆ.

ಮುಂದಿನ ಶನಿವಾರ ಹೊಸ ಕಟ್ಟಳೆ ಹೇಳಿದೆ. ಗೊತ್ತಿದ್ದರೆ ಉತ್ತರ. ಇಲ್ಲದಿದ್ದರೆ, "ಗೊತ್ತಿಲ್ಲ, ನೋಡಿ ಹೇಳ್ತೀನಿ ಸಾರ್." ಈ ಉತ್ತರಕ್ಕೂ ಪೂರ್ತಿ ಅಂಕ.

ಪುಟ್ಟಬಸಪ್ಪನವರು ಕಾರಿಡಾರಿನಲ್ಲೇ ಹಿಡಿದರು. "ಏನ್ ಸಾರ್ಜೆಂಟ್ರೇ, ನಮ್ ಐಕ್ಳಿಗೆ ಗೊತ್ತಿಲ್ಲ ಅನ್ನೋದ್ನ ಕಲಿಸ್ತಿದ್ದೀರಂತೆ? ಅದ್ನ ಮನೇಲೇ ಕಲ್ತಿರ್ತವೆ ಕಣ್ರೀ! ಅದಕ್ಕೆ ಖಾಕಿ ಯಾಕೆ, ಬೂಟ್ ಯಾಕೆ?"

"ನೋಡಿ ಹೇಳ್ತೀನಿ ಅನ್ನೋದೂ ಇದೆ ಮೇಷ್ಟ್ರೇ, ಜೊತೆಗೆ."

"ಬುಡಿ, ಬುಡಿ. ಯುದ್ಧದಲ್ಲಿ ಸಾಹೇಬ್ರು ಕೇಳ್ದಾಗ ನೋಡ್ಕೊ ಬತ್ತೀನಿ ಅಂತ ಓಡೋಗೋದಾ?"

ಎಷ್ಟು 'ಗೊತ್ತಿಲ್ಲ' ಬರುತ್ತವೆ ಎಂದು ದಿನಚರಿಯಲ್ಲಿ ಶಾಲೆವಾರು ಗೆರೆ ಹಾಕತೊಡಗಿದೆ. ನಾಲ್ಕೂ ತಾಲ್ಲೂಕಿನ ಅಂಕಣ ವಾರಗಟ್ಟಲೆ ಖಾಲಿ ಉಳಿಯಿತು. ಮಕ್ಕಳಿಗೆ ಹಾಗೆನ್ನಲು ಬಾಯಿ ಬರುತ್ತಿರಲಿಲ್ಲ. ಮೊದಲ ಗೆರೆ ಬಿದ್ದದ್ದು ಪಿರಿಯಾಪಟ್ಟಣದಲ್ಲಿ. ಹಾಕಿಸಿದವಳು ಲಾವಣ್ಯ, ಒಂಬತ್ತನೇ ತರಗತಿ. ಹೊಗೆಸೊಪ್ಪು ಬೆಳೆಯುವ ರಾಜೇಗೌಡರ ಮಗಳು. ರೆಕ್ಕೆಯ ಬಗ್ಗೆ ಏನೋ ಕೇಳಿದ್ದೆ. ಅವಳು ಎದ್ದು, ಅಕ್ಕಪಕ್ಕ ನೋಡಿ, ಮೆಲ್ಲಗೆ, "ಗೊತ್ತಿಲ್ಲ, ನೋಡಿ ಹೇಳ್ತೀನಿ ಸಾರ್" ಎಂದಳು. ಹಿಂದಿನ ಬೆಂಚು ಕಿಸಕ್ಕೆಂದಿತು. ಮುಂದಿನ ಶನಿವಾರ ಅವಳು ನಿಜವಾಗಿಯೂ ನೋಡಿಕೊಂಡು ಬಂದು ಹೇಳಿದಳು.

ಪಟ್ಟಿ ಓದುವ ಪದ್ಧತಿಯ ಪಾಠ ಮಾಡಿದ ದಿನ ಅವಳೇ ಕೈ ಎತ್ತಿದಳು. "ಸಾರ್, ಇದು ನಮ್ ಬ್ಯಾರನ್‌ನಾಗೂ ಐತೆ."

ಹೊಗೆಸೊಪ್ಪನ್ನು ಶಾಖದಲ್ಲಿ ಬೇಯಿಸಿ ಒಣಗಿಸುವ ಬ್ಯಾರನ್ ಮನೆಗಳನ್ನು ನಾನು ಚಿಕ್ಕಂದಿನಿಂದ ನೋಡಿದವನೇ. ಆದರೆ ಬೆಂಕಿ ಹೊತ್ತಿಸುವ ಮೊದಲು ಒಳಗೆ ಏನು ನಡೆಯುತ್ತದೆ ಎಂದು ಯೋಚಿಸಿರಲಿಲ್ಲ. ಅವಳು ಹೇಳಿದಳು. ಕೋಲುಗಳಿಗೆ ಕಟ್ಟಿದ ಎಲೆ ಸಾಲುಸಾಲಾಗಿ ನೇತಾಡುತ್ತದೆ, ಕೆಳಗೆ ಒಲೆಯ ಬೆಂಕಿಯಿಂದ ಕಾಯುವ ಕೊಳವೆ. ಕಟ್ಟು ಸಡಿಲವಾಗಿ ಒಂದೇ ಒಂದು ಎಲೆ ಕೊಳವೆಯ ಮೇಲೆ ಬಿದ್ದರೂ ಸಾಕು, ಇಡೀ ಬ್ಯಾರನ್ ಬೂದಿ. ಅದಕ್ಕೇ ಅವಳಪ್ಪ ಹೊರಗೆ ಒಲೆಯ ಮುಂದೆ ನಿಂತು ಒಂದೊಂದೇ ಸಾಲು ಹೆಸರಿಸಿ ಕೇಳುತ್ತಾರೆ, ಒಳಗಿರುವವರು ಕೈಯಿಂದ ಮುಟ್ಟಿ ನೋಡಿಯೇ 'ಸರಿ' ಎನ್ನಬೇಕು. ಎಲ್ಲ 'ಸರಿ' ಬರುವವರೆಗೆ ಕಡ್ಡಿ ಗೀರುವುದಿಲ್ಲ.

"ಮುಟ್ಟದೇ ಸರಿ ಅಂದ್ರೆ?" ಎಂದೆ.

"ಒಂದ್ ಕಿತ ನಮ್ ಚಿಕ್ಕಪ್ಪ ಅಂದಿದ್ರು ಸಾರ್. ಆ ಬ್ಯಾರನ್ ಈಗ ಇಲ್ಲ."

ಈ ಮಾತನ್ನು ಉಳಿದ ಮೂರು ತಾಲ್ಲೂಕಿನಲ್ಲೂ ಹೇಳಿದೆ. ಅಂದಿನಿಂದ ಖಾಲಿ ಅಂಕಣಗಳಲ್ಲಿ ಗೆರೆ ಬೀಳತೊಡಗಿದವು. ಹೊಸ ಶಿಕ್ಷಕರಿಗೆ ಹೇಳುವುದಿಷ್ಟೇ: ಅಮೆರಿಕದ ಬಾಂಬರ್ ಮಕ್ಕಳ ತಲೆಗೆ ಹೋಗಿರಲಿಲ್ಲ, ಪಿರಿಯಾಪಟ್ಟಣದ ಬ್ಯಾರನ್ ಹೋಯಿತು.

ಆ ವರ್ಷ ನವೆಂಬರಿನಲ್ಲಿ ಆದೇಶ ಬಂತು. ನಾಲ್ಕು ತಾಲ್ಲೂಕಿಗೆ ಸೇರಿ ನಾಲ್ವರು ಕೆಡೆಟ್‌ಗಳಿಗೆ ಮೈಸೂರಿನ ವಿಮಾನ ನಿಲ್ದಾಣದಲ್ಲಿ ಮೈಕ್ರೋಲೈಟ್ ಹಾರಾಟ. ಇಬ್ಬರು ಕೂರುವ ಪುಟ್ಟ ವಿಮಾನ ಅದು, ಪೈಲಟ್ ಪಕ್ಕದಲ್ಲಿ ಒಬ್ಬ ಕೆಡೆಟ್. ಆಯ್ಕೆಯಾದವರಲ್ಲಿ ಮನುವೂ ಇದ್ದ, ಲಾವಣ್ಯಳೂ ಇದ್ದಳು. ಅವಳ ಮನೆಯಲ್ಲಿ ಒಪ್ಪಿಸಬೇಕಾಗಿತ್ತು. ನಾನೂ ಪುಟ್ಟಬಸಪ್ಪನವರೂ ಬೈಕಿನಲ್ಲಿ ಹೋದೆವು. ರಾಜೇಗೌಡರು ಬ್ಯಾರನ್ನಿನ ಒಲೆಗೆ ಸೌದೆ ತಳ್ಳುತ್ತ, ನಮ್ಮ ಕಡೆ ತಿರುಗದೆಯೇ ಮಾತಾಡಿದರು.

"ಅಲ್ಲಾ ಸಾರ್, ಅದು ಮೇಲಿಂದ ಬಿದ್ರೆ?"

"ಬೀಳದ ಹಾಗೆ ನೋಡ್ಕೋತಾರೆ ಗೌಡ್ರೇ."

"ಬ್ಯಾರನ್ನೂ ಸುಡದಂಗೆ ನೋಡ್ಕತೀವಿ. ಆದ್ರೂ ಸುಡ್ನಿಲ್ವಾ?"

ಲಾವಣ್ಯ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅವಳ ಅವ್ವ ಒಳಗಿಂದಲೇ, "ಒಸಿ ಆಸೆ ಪಟ್ಟದೆ ಮಗ, ಕಳ್ಸಿ ಅತ್ಲಾಗೆ" ಎಂದರು. ರಾಜೇಗೌಡರು ಸೌದೆ ಬಿಟ್ಟು ಎದ್ದು, ಪಂಚೆಗೆ ಕೈ ಒರೆಸಿಕೊಂಡರು.

"ಒಂದೇ ಒಂದ್ ಕಿತ. ಮುಂದ್ಲ ವರ್ಸ ಎಸ್ಸೆಲ್ಸಿ, ಈ ಖಾಕಿ ಎಲ್ಲ ಬಂದ್. ಇನ್ನೊಂದ್ ಕಿತ ಬಂದು ಕೇಳ್ಬ್ಯಾಡಿ."

ಹೀಗಾಗಿ ಅವಳಿಗೆ ಇದ್ದದ್ದು ಅದೊಂದೇ ಬೆಳಿಗ್ಗೆ. ವ್ಯಾನಿನಲ್ಲಿ ಉಳಿದ ಮೂವರು ಮೊದಲ ಸರದಿಗೆ ಜಗಳವಾಡಿದರು. ಚೀಟಿ ಎತ್ತಿದಾಗ ಅವಳಿಗೆ ಕೊನೆಯ ಸರದಿ ಬಂತು, ಮನುವಿಗೆ ಅದರ ಹಿಂದಿನದು.

ಪೈಲಟ್ ಧಾರವಾಡದ ಕಡೆಯವರು, ಸ್ಕ್ವಾಡ್ರನ್ ಲೀಡರ್. ಮಾತು ಕಡಿಮೆ, ಕೈ ಚುರುಕು. ನನ್ನದೊಂದು ಕೋರಿಕೆ ಅವರು ಒಪ್ಪಿದ್ದರು. ನಿಂತ ವಿಮಾನದ ಮೇಲಿನ ನಾಲ್ಕು ಕೆಂಪು ಪಟ್ಟಿಗಳನ್ನು, ಅಂದರೆ ಬೀಗದಂತೆ ಬಿಗಿಯುವ ಎರಡು ರೆಕ್ಕೆಗಳ ಕ್ಲಿಪ್, ಬಾಲದ ಕ್ಲಿಪ್, ಗಾಳಿಯ ವೇಗ ಅಳೆಯುವ ಸಣ್ಣ ನಳಿಗೆಯ ಮೇಲಿನ ಮುಸುಕು, ಇವನ್ನು ನೆಲದ ಸಿಬ್ಬಂದಿ ತೆಗೆದ ಹಾಗೆ ಒಬ್ಬ ಕೆಡೆಟ್ ಕೈಗೆ ಕೊಡುವುದು. ಆ ಕೆಡೆಟ್ ಎಣಿಸಿ ಚೀಲಕ್ಕೆ ಹಾಕಿ, ಬೆಂಕಿ ಆರಿಸುವ ಸಿಲಿಂಡರಿನ ಪಕ್ಕ ನಿಲ್ಲುವುದು. ಓದಿದ್ದ ಪಾಠ ಕಣ್ಣೆದುರು ಕಾಣಲಿ ಎಂಬುದಷ್ಟೇ ಉದ್ದೇಶ. ಪೈಲಟ್ ತಮ್ಮ ಪರೀಕ್ಷೆಯನ್ನು ತಾವು ಮಾಡಿಯೇ ಮಾಡುತ್ತಾರೆ. ಏನಾದರೂ ತಪ್ಪು ಕಂಡರೆ ತಲೆಯ ಮೇಲೆ ಎರಡೂ ಕೈ ಅಡ್ಡಡ್ಡ ಹಿಡಿಯಬೇಕು, ಅದು 'ನಿಲ್ಲಿಸಿ' ಎಂಬ ಸಂಜ್ಞೆ ಎಂದು ತರಗತಿಯಲ್ಲಿ ಹೇಳಿದ್ದೆ. ಅದನ್ನು ಯಾರಾದರೂ ಬಳಸುತ್ತಾರೆ ಎಂದು ಎಣಿಸಿರಲಿಲ್ಲ.

ಮೊದಲ ಇಬ್ಬರು ಹಾರಿ ಬಂದರು. ಇಳಿದವರ ಕಾಲು ನೆಲದ ಮೇಲಿರಲಿಲ್ಲ. ಅಷ್ಟರಲ್ಲಿ ಪ್ರಯಾಣಿಕರ ವಿಮಾನ ಬರುವುದಿದೆ ಎಂದು ನಮ್ಮನ್ನು ಪಕ್ಕಕ್ಕೆ ಸರಿಸಿದರು. ಗಾಳಿ ಬೀಸತೊಡಗಿತ್ತು. ಮೈಕ್ರೋಲೈಟಿಗೆ ಮತ್ತೆ ಕ್ಲಿಪ್, ಮುಸುಕು ಹಾಕಿ ಕಾದೆವು. ದೊಡ್ಡ ವಿಮಾನ ಇಳಿದು ದಾರಿ ಬಿಡುವಷ್ಟರಲ್ಲಿ ಗಾಳಿಯ ದಿಕ್ಕು ತೋರಿಸುವ ಗಾಳಿಗೋಲಿನ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಪೈಲಟ್ ಅದನ್ನೊಮ್ಮೆ ನೋಡಿ, "ಲಗೂನ ಆಗಲಿ. ಎರಡು ಹಾರಾಟ ಆಗಬಹುದು, ತಡ ಆದರ ಒಂದೂ ಇಲ್ಲ" ಎಂದರು.

ಎಲ್ಲರ ಕೈಗೂ ಅವಸರ ಬಂತು. ಪಟ್ಟಿಗಳು ಬಂದವು. ಮನು ಬೆಲ್ಟ್ ಬಿಗಿದು ಕೂತ. ಎಂಜಿನ್ ಗುಡುಗಿತು. ಚೀಲ ಹಿಡಿದು ಲಾವಣ್ಯ ಸಾವಧಾನ್‌ನಲ್ಲಿ ನಿಂತಳು. ನಾನೂ ಪುಟ್ಟಬಸಪ್ಪನವರೂ ದೂರದ ಬೇಲಿಯ ಹತ್ತಿರ ಇದ್ದೆವು.

ಅವಳ ತಲೆ ಬಗ್ಗಿತು. ಚೀಲದೊಳಗೆ ಕೈ ಹಾಕಿದಳು. ತೆಗೆದಳು, ಮತ್ತೆ ಹಾಕಿದಳು.

"ಯಾಕ್ರೀ ಈ ಮಗ ಅಲ್ಲಾಡ್ತದೆ?" ಎಂದರು ಪುಟ್ಟಬಸಪ್ಪ.

ಅವಳು ವಿಮಾನದ ಕಡೆ ನೋಡಿದಳು. ಅವಳಿದ್ದ ಜಾಗದಿಂದ ಎರಡೂ ರೆಕ್ಕೆ ಕಾಣುತ್ತಿತ್ತು, ಬಾಲ ಕಾಣುತ್ತಿತ್ತು, ಅಲ್ಲೆಲ್ಲೂ ಕೆಂಪು ಪಟ್ಟಿ ಇರಲಿಲ್ಲ. ಆಚೆ ರೆಕ್ಕೆಯಡಿಯ ನಳಿಗೆ ಮಾತ್ರ ಕಾಣುತ್ತಿರಲಿಲ್ಲ. ಅದರ ಮುಸುಕು ಹಾಗೇ ಉಳಿದಿದ್ದರೆ ಮೇಲೆ ಹೋದ ಪೈಲಟ್‌ಗೆ ವೇಗವೇ ತಿಳಿಯುವುದಿಲ್ಲ. ಆಮೇಲೆ ಅವಳು ನಮ್ಮ ಕಡೆ ತಿರುಗಿ ಬಾಯಿ ಆಡಿಸಿದಳು. ಎಂಜಿನ್ನಿನ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ನಾನು ಓಡಲು ಶುರುಮಾಡಿದೆ. ವಿಮಾನದ ಚಕ್ರ ಉರುಳಿತು.

ಚೀಲ ಕೆಳಗೆ ಬಿತ್ತು. ಲಾವಣ್ಯ ಎರಡು ಹೆಜ್ಜೆ ಮುಂದೆ ಬಂದು ಎರಡೂ ಕೈಗಳನ್ನು ತಲೆಯ ಮೇಲೆ ಅಡ್ಡಡ್ಡ ಹಿಡಿದಳು. ಇಳಿಸಲಿಲ್ಲ. ವಿಮಾನ ಜರ್ರನೆ ನಿಂತಿತು. ಎಂಜಿನ್ ಆರಿತು. ಅದು ಆರಿದ ಮೇಲೆ ಆ ಬಯಲಿನಲ್ಲಿ ಗಾಳಿಗೋಲಿನ ಪಟಪಟ ಒಂದೇ ಉಳಿಯಿತು.

"ಮೂರೇ ಐತೆ ಸಾರ್," ಎಂದಳು ನಾನು ಹತ್ತಿರ ಹೋದಾಗ. "ನಾಲ್ಕನೇದು ಬಂದಿಲ್ಲ."

ಪೈಲಟ್ ಇಳಿದು ನೇರ ಆಚೆ ರೆಕ್ಕೆಯ ಕೆಳಗೆ ಬಗ್ಗಿದರು. ನಾನೂ ಬಗ್ಗಿದೆ. ನಳಿಗೆ ಬರಿದಾಗಿತ್ತು. ಮುಸುಕು ತೆಗೆದೇ ಇತ್ತು. ಹಾಗಾದರೆ ಪಟ್ಟಿ ಎಲ್ಲಿ? ಪೈಲಟ್ ತಮ್ಮ ತೊಡೆಯ ಮೇಲಿನ ಜೇಬಿಗೆ ಕೈಹಾಕಿ ಎಳೆದರು. ಕೆಂಪು ಪಟ್ಟಿ ಉದ್ದಕ್ಕೆ ಹೊರಬಂತು. ಕೊನೆಯ ಗಳಿಗೆಯಲ್ಲಿ ತಾವೇ ಅದನ್ನು ತೆಗೆದು, ಎಂದಿನ ಅಭ್ಯಾಸದಂತೆ ಜೇಬಿಗೆ ತುರುಕಿಕೊಂಡಿದ್ದರು.

ಏನೂ ತಪ್ಪಾಗಿರಲಿಲ್ಲ. ರೇಡಿಯೋದಲ್ಲಿ ನಿಲ್ದಾಣದ ನಿಯಂತ್ರಣ ಗೋಪುರದವರು ಗಾಳಿ ಹೆಚ್ಚಾಯಿತು, ಇವತ್ತಿಗೆ ಸಾಕು ಎಂದರು. ಮನುವಿನ ಹಾರಾಟವೂ ಹೋಯಿತು, ಅವಳದೂ ಹೋಯಿತು.

ಪೈಲಟ್ ಅವಳ ಮುಂದೆ ಬಂದು ನಿಂತರು. ಪುಟ್ಟಬಸಪ್ಪನವರು ಓಡಿಬಂದು ಏದುಸಿರು ಬಿಡುತ್ತಿದ್ದರು.

"ಯಾರು ನಿಂದ್ರಿಸಿದ್ದು?"

"ನಾನು ಸರ್."

"ಏನ್ ತಪ್ಪಾಗಿತ್ತವಾ?"

"ಏನೂ ಇಲ್ಲ ಸರ್."

"ಮತ್ತ ಯಾಕ ನಿಂದ್ರಿಸಿದಿ?"

"ಏನೂ ಇಲ್ಲ ಅಂತ ಆಗ ಗೊತ್ತಿರ್ಲಿಲ್ಲ ಸರ್."

ಪೈಲಟ್ ಕೈಯಲ್ಲಿದ್ದ ಪಟ್ಟಿಯನ್ನು ನೋಡಿ, ಅದನ್ನು ಅವಳ ಕೈಗೆ ಕೊಟ್ಟು, ಕಚೇರಿಯ ಕಡೆ ನಡೆದರು. ಅದು ಕೋಪವೋ ಏನೋ ನಮಗೆ ತಿಳಿಯಲಿಲ್ಲ. ತಿಳಿಯದಿರುವುದೇ ಹೆಚ್ಚು ಕಷ್ಟವಾಗಿತ್ತು.

ವ್ಯಾನಿನಲ್ಲಿ ಮನು ಕಿಟಕಿಗೆ ಹಣೆ ಕೊಟ್ಟು ಕೂತಿದ್ದ. ಇಲವಾಲ ದಾಟುತ್ತಲೇ ಸಿಡಿದ. "ನಿಮ್ಮಪ್ಪನ ಬ್ಯಾರನ್ ಅಂದ್ಕಂಡ್ಯೇನಮ್ಮೀ ಅದ್ನ? ಸೊಪ್ಪು ಎಣಿಸ್ಕಂಡು ಕೂತಿದ್ದೆ!"

ಅವಳು ಅವನ ಕಡೆ ತಿರುಗಿದಳು.

"ನಂಗೆ ಬೆಲ್ಟ್ ಹಾಕಾಗಿತ್ತು ಕಣೇ! ಚಕ್ರ ಉರುಳ್ತಾ ಇತ್ತು!"

"ಅದಕ್ಕೇ ಕಣೋ," ಎಂದಳು ಲಾವಣ್ಯ. "ಒಳಗಿದ್ದೋನು ನೀನು."

ಮನು ಮತ್ತೆ ಕಿಟಕಿಗೆ ಹಣೆ ಕೊಟ್ಟ. ಮುಂದಿನ ಸೀಟಿನಲ್ಲಿ ಪುಟ್ಟಬಸಪ್ಪನವರು ಹಿಂದೆ ತಿರುಗಿ ಅವಳನ್ನು ನೋಡಿ, ಆಮೇಲೆ ಹುಣಸೂರಿನವರೆಗೂ ರಸ್ತೆ ನೋಡಿದರು. ಊರು ಬಂದಾಗ ನನ್ನ ಕಿವಿಯ ಹತ್ತಿರ, "ಸಾವಧಾನ್ ಮುರಿದ್ಬುಟ್ಲು ಕಣ್ರೀ" ಎಂದರು. ಗದರಿಕೆ ಅದರಲ್ಲಿರಲಿಲ್ಲ.

ಅವಳನ್ನು ಮನೆಗೆ ಬಿಡಲು ನಾನೂ ಹೋದೆ. ರಾಜೇಗೌಡರು ಒಲೆಯ ಮುಂದೆಯೇ ಇದ್ದರು. "ಹಾರ್ದ್ಯಾ ಮಗ?" ಎಂದರು. ಅವಳು ಇಲ್ಲವೆಂದು ತಲೆಯಲ್ಲಾಡಿಸಿ ಸೀದಾ ಒಳಗೆ ಹೋದಳು. ನಡೆದದ್ದನ್ನು ನಾನು ಹೇಳಿದೆ. ಮತ್ತೆ ಬಂದು ಕೇಳಬೇಡಿ ಎಂದು ಅವರು ಹೇಳಿದ್ದರಿಂದ ಇನ್ನೊಮ್ಮೆ ಕಳಿಸಿ ಎಂದು ಕೇಳಲಿಲ್ಲ.

ಅವರು ಒಲೆಯ ಬೆಂಕಿ ಕೆದಕಿದರು. "ಅಂದ್ರೆ ಏನೂ ಆಗಿರ್ನಿಲ್ಲ."

"ಇಲ್ಲ."

"ಆದ್ರೂ ನಿಲ್ಸುದ್ಲು."

"ಹೌದು."

"ಅವ್ರು ಬೈದ್ರಾ?"

"ಇಲ್ಲ. ನಿಲ್ಸಿದ್ರು, ಇಳಿದು ನೋಡಿದ್ರು."

"ಈ ಕೂಸು ಕೈ ಎತ್ತಿದ್ದಕ್ಕೆ ಅಷ್ಟು ದೊಡ್ಡ ಮನ್ಸ ಇಳಿದು ನೋಡ್ದಾ?" ಒಂದು ಕೊರಡನ್ನು ಒಳಗೆ ತಳ್ಳಿ, ಎದ್ದು ನಿಂತರು. "ಮತ್ಯಾವಾಗ ಹಾರ್ಸ್ತಾರೆ, ಕೇಳಿ ಹೇಳಿ ಸಾರ್."

ನಾನು ಕೇಳುವ ಮೊದಲೇ ಮೈಸೂರಿನಿಂದ ಫೋನ್ ಬಂತು. ಡಿಸೆಂಬರಿನ ಒಂದು ಭಾನುವಾರ, ಉಳಿದಿದ್ದ ಇಬ್ಬರಿಗೂ ಅವಕಾಶ. ಗೌಡರ ಬ್ಯಾರನ್‌ನಲ್ಲಿ ಆ ವರ್ಷದ ಕೊನೆಯ ಸೊಪ್ಪಿಗೆ ಅಂದೇ ಬೆಂಕಿ ಹಾಕಬೇಕಿತ್ತು. ಒಲೆಯನ್ನು ತಮ್ಮನಿಗೆ ಒಪ್ಪಿಸಿ, "ಮುಟ್ಟಿ ನೋಡ್ಲಾ, ಸುಮ್ನೆ ಸರಿ ಅನ್ಬ್ಯಾಡ" ಎಂದು ನೂರು ಸಲ ಹೇಳಿ, ಮಗಳ ಜೊತೆ ತಾವೂ ವ್ಯಾನು ಹತ್ತಿದರು. ಬೇಲಿಯ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು.

ಈ ಸಲ ಮೊದಲ ಸರದಿ ಲಾವಣ್ಯಳದು. ಚೀಲ ಮನುವಿನ ಕೈಯಲ್ಲಿತ್ತು. ಪಟ್ಟಿಗಳು ಬಂದಂತೆ ಅವನು ಒಂದೊಂದನ್ನೂ ಎತ್ತಿ ಹಿಡಿದು ಗಟ್ಟಿಯಾಗಿ ಎಣಿಸಿದ. ನಾಲ್ಕೂ ಬಂದವು. ಪೈಲಟ್ ಹತ್ತಲು ಕಾಲಿಟ್ಟವರು, ಏನೋ ನೆನಪಾದಂತೆ ಇಳಿದು ಅವನ ಮುಂದೆ ಬಂದು ನಿಂತರು. ತಮ್ಮ ಜೇಬುಗಳನ್ನು ಒಂದೊಂದಾಗಿ ಒಳಗಿನ ಬಟ್ಟೆ ಹೊರಬರುವ ಹಾಗೆ ಎಳೆದು ತೋರಿಸಿದರು. ಒಂದರಲ್ಲಿ ಪೆಪ್ಪರಮಿಂಟ್ ಇತ್ತು.

"ನೋಡಿದಿಯೇನಪಾ?"

"ನೋಡಿದೆ ಸರ್!" ಎಂದು ಮನು ಕೂಗಿದ. ನಿಜವಾಗಿ ನೋಡಿಯೇ ಕೂಗಿದ್ದ.

ಎಂಜಿನ್ ಗುಡುಗಿತು. ಬೇಲಿಯ ಬಳಿ ರಾಜೇಗೌಡರು, ಯಾರೂ ಕೇಳದಿದ್ದರೂ, ಬ್ಯಾರನ್ನಿನೊಳಗೆ ಮುಟ್ಟಿ ನೋಡಿದವರ ಹಾಗೆ ಒಂದೇ ಮಾತು ಹೇಳಿದರು: "ಸರಿ."

ವಿಮಾನ ನೆಲ ಬಿಟ್ಟಿತು.